‘ಐ ವಿಶ್’ ಎಲ್ಲಿ ಕೆಡುತ್ತದೆ? ಆಸೆ, ಹಳಹಳಿಕೆಯ ಇಂಗ್ಲಿಷ್ ವಾಕ್ಯಗಳಿಗೊಂದು ದೋಷ ನಿವಾರಣೆ ಕೈಪಿಡಿ

‘ಐ ವಿಶ್ ಐ ಹ್ಯಾವ್ ಎ ಬೈಕ್.’
‘ಇಫ್ ಯು ಟೋಲ್ಡ್ ಮಿ, ಐ ವಾಸ್ ಕಮಿಂಗ್.’
‘ಐ ಮಸ್ಟ್ ಹ್ಯಾವ್ ಸ್ಟಡೀಡ್ ವೆಲ್ ಇನ್ ಪಿಯುಸಿ.’
‘ವೀ ರಿಗ್ರೆಟ್ ಫಾರ್ ದ ಡಿಲೇ.’

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಮಾತಾಡುವವರ ಬಾಯಲ್ಲಿ ಇಂಥ ವಾಕ್ಯಗಳು ಸಲೀಸಾಗಿ ಬರುತ್ತವೆ. ನಾಲ್ಕೂ ಕೆಟ್ಟಿವೆ, ಆದರೆ ಕೆಟ್ಟ ಕಾರಣ ನಾಲ್ಕಕ್ಕೂ ಬೇರೆ. ಮೂರನೆಯದಂತೂ ಅರ್ಥವನ್ನೇ ತಿರುಗಿಸಿಬಿಡುತ್ತದೆ. ಹೇಳಿದವರ ಮನಸ್ಸಿನಲ್ಲಿ ಇರುವುದು ‘ಪಿಯುಸಿಯಲ್ಲಿ ಚೆನ್ನಾಗಿ ಓದಬೇಕಿತ್ತು’. ಕೇಳಿದವರ ಕಿವಿಗೆ ಬೀಳುವುದು ‘ಚೆನ್ನಾಗಿ ಓದಿರಬೇಕು, ಅಂತ ಕಾಣುತ್ತೆ’.

ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಕಣ್ಣಲ್ಲಿ ಓದದೆ ಬಾಯಿಬಿಟ್ಟು ಓದಿ. ಈ ದೋಷಗಳಲ್ಲಿ ಹಲವು ಕಿವಿಯಿಂದಲೇ ಹುಟ್ಟಿದವು. ಕ್ರಿಯಾಪದದ ರೂಪಗಳಿಗೆ ಶಾಲೆಯಲ್ಲಿ ಹೇಳಿಕೊಟ್ಟ ಹೆಸರುಗಳೇ ಸಾಕು: ಗೋ ಎಂಬುದು ವಿ1, ವೆಂಟ್ ಎಂಬುದು ವಿ2, ಗಾನ್ ಎಂಬುದು ವಿ3.

ಮೊದಲು ಮಾಡಬೇಕಾದ ಪರೀಕ್ಷೆ: ನಿಜ ಏನು?

ಆಸೆಯ ವಾಕ್ಯ ಬರೆಯುವ ಮೊದಲು ಅದರ ಹಿಂದಿರುವ ನಿಜವನ್ನು ಒಂದು ಸಾದಾ ಇಂಗ್ಲಿಷ್ ವಾಕ್ಯದಲ್ಲಿ ಹೇಳಿಕೊಳ್ಳಿ. ಬೈಕಿನ ಆಸೆಯ ಹಿಂದಿನ ನಿಜ: ‘ಐ ಡೋಂಟ್ ಹ್ಯಾವ್ ಎ ಬೈಕ್.’ ಈಗ ಎರಡು ಕೆಲಸ ಮಾಡಿ. ‘ಇಲ್ಲ’ ಎಂದಿದ್ದರೆ ‘ಹೌದು’ ಮಾಡಿ, ‘ಹೌದು’ ಎಂದಿದ್ದರೆ ‘ಇಲ್ಲ’ ಮಾಡಿ. ಆಮೇಲೆ ಕಾಲವನ್ನು ಒಂದು ಮೆಟ್ಟಿಲು ಹಿಂದಕ್ಕೆ ಇಳಿಸಿ. ಡೋಂಟ್ ಹ್ಯಾವ್ ಹೋಗಿ ಹ್ಯಾಡ್ ಆಯಿತು: ‘ಐ ವಿಶ್ ಐ ಹ್ಯಾಡ್ ಎ ಬೈಕ್.’

ಇನ್ನೊಂದು ನೋಡಿ. ನಿಜ: ‘ಐ ಸೋಲ್ಡ್ ದ ಲ್ಯಾಂಡ್.’ ಜಮೀನು ಮಾರಿದ್ದಾಗಿದೆ. ಹೌದು ಇದ್ದದ್ದು ಇಲ್ಲ ಆಗಬೇಕು, ವಿ2 ಇದ್ದದ್ದು ಒಂದು ಮೆಟ್ಟಿಲು ಇಳಿದು ಹ್ಯಾಡ್ ಮತ್ತು ವಿ3 ಆಗಬೇಕು: ‘ಐ ವಿಶ್ ಐ ಹ್ಯಾಡಂಟ್ ಸೋಲ್ಡ್ ದ ಲ್ಯಾಂಡ್.’

ಮೆಟ್ಟಿಲುಗಳು ಮೂರೇ. ವಿ1 ಇಳಿದರೆ ವಿ2. ವಿ2 ಇಳಿದರೆ ಹ್ಯಾಡ್ ಮತ್ತು ವಿ3. ಕ್ಯಾನ್ ಇಳಿದರೆ ಕುಡ್, ವಿಲ್ ಇಳಿದರೆ ವುಡ್. ಕ್ಯಾನ್, ವಿಲ್ ಎರಡೂ ವಿ1ರ ಮಟ್ಟದಲ್ಲೇ ಕೂತಿರುವವು. ಹ್ಯಾಡ್‌ಗಿಂತ ಕೆಳಗೆ ಮೆಟ್ಟಿಲಿಲ್ಲ.

ಪರೀಕ್ಷೆಯಲ್ಲಿ ನಿಜದ ವಾಕ್ಯವೇ ಸಿಗದಿದ್ದರೆ, ಅಂದರೆ ಸಂಗತಿ ಇನ್ನೂ ಗೊತ್ತಾಗಿಲ್ಲ, ಆಗಲೂಬಹುದು ಆಗದೆಯೂ ಇರಬಹುದು ಎಂದಾದರೆ, ಅಲ್ಲಿ ವಿಶ್ ಎಂಬ ಪದವೇ ತಪ್ಪು. ಅದಕ್ಕೆ ಹೋಪ್ ಬೇಕು. ಅದನ್ನು ಮುಂದೆ ನೋಡೋಣ.

ಈಗಿನ ಆಸೆಗೆ ಹಿಂದಿನ ಕಾಲ ಏಕೆ?

ಕಲಿಯುವವರು ಎಡವುವುದು ಇಲ್ಲೇ. ಬೈಕ್ ಬೇಕಾಗಿರುವುದು ಈಗ, ಹ್ಯಾಡ್ ಭೂತಕಾಲ, ಹಾಗಾದರೆ ಇದು ಹೇಗೆ ಸರಿ ಎಂದು ಮನಸ್ಸು ಒಪ್ಪುವುದಿಲ್ಲ. ನಿಯಮವನ್ನು ಬಾಯಿಪಾಠ ಮಾಡಿದರೂ ಮಾತಾಡುವಾಗ ಹ್ಯಾವ್ ನುಸುಳುತ್ತದೆ.

ಆದರೆ ಕನ್ನಡಿಗರು ಇದೇ ಕೆಲಸವನ್ನು ಹುಟ್ಟಿನಿಂದ ಮಾಡಿಕೊಂಡು ಬಂದಿದ್ದಾರೆ. ‘ಈಗ ಒಂದು ಲೋಟ ಕಾಫಿ ಸಿಕ್ಕಿದ್ದರೆ ಚೆನ್ನಾಗಿತ್ತು.’ ಕಾಫಿ ಬೇಕಾಗಿರುವುದು ಈಗ. ಹಾಗಿದ್ದೂ ಬಾಯಲ್ಲಿ ಬರುವುದು ‘ಚೆನ್ನಾಗಿದೆ’ ಅಲ್ಲ, ‘ಚೆನ್ನಾಗಿತ್ತು’. ‘ಸಿಗುವುದು’ ಅಲ್ಲ, ‘ಸಿಕ್ಕಿದ್ದರೆ’. ಅಂಗಡಿಗೆ ಹೋಗಿ ‘ಒಂದು ಕೆಜಿ ಸೋನಾ ಮಸೂರಿ ಬೇಕಿತ್ತು’ ಎನ್ನುತ್ತೇವೆ. ನಿನ್ನೆ ಬೇಕಿತ್ತು, ಇವತ್ತು ಬೇಡ ಎಂದು ಅಂಗಡಿಯವರು ಎಂದೂ ತಿಳಿಯುವುದಿಲ್ಲ. ಈ ‘ಇತ್ತು’ ಗಡಿಯಾರದ ಭೂತಕಾಲವಲ್ಲ. ಕೈಗೆ ಸಿಗದ್ದನ್ನು, ಅಥವಾ ಸಂಕೋಚದಿಂದ ಕೇಳುವುದನ್ನು, ಸ್ವಲ್ಪ ದೂರದಲ್ಲಿ ಇಟ್ಟು ಹೇಳುವ ರೀತಿ. ಇಂಗ್ಲಿಷಿನ ‘ಐ ವಿಶ್ ಐ ಹ್ಯಾಡ್’ನಲ್ಲಿರುವ ಹ್ಯಾಡ್ ಕೂಡ ಅದೇ ಜಾತಿಯದು. ಚೆನ್ನಾಗಿತ್ತು ಎಂದು ಹೇಳಬಲ್ಲವರಿಗೆ ಈ ಹ್ಯಾಡ್ ಪರಕೀಯವಲ್ಲ. ವ್ಯಾಕರಣದ ಪುಸ್ತಕಗಳು ಇದನ್ನು ಇಂಗ್ಲಿಷಿನ ವಿಚಿತ್ರ ಅಪವಾದ ಎಂಬಂತೆ ಹೇಳಿಕೊಡುವುದು ನಮ್ಮ ಮಕ್ಕಳಿಗೆ ಮಾಡುವ ಅನ್ಯಾಯ ಎಂದೇ ನಮ್ಮ ಅಭಿಪ್ರಾಯ.

ಹಾಗಾಗಿ ವಿಶ್ ಆದಮೇಲೆ ಹ್ಯಾವ್, ಈಸ್, ನೋ (ತಿಳಿದಿರು), ಕ್ಯಾನ್ ಇವು ಬಂದರೆ ಬಾಯಿ ತಡೆದು ಹ್ಯಾಡ್, ವರ್, ನ್ಯೂ, ಕುಡ್ ಮಾಡಿ. ‘ಐ ವಿಶ್ ಐ ನ್ಯೂ ತುಳು’, ‘ಐ ವಿಶ್ ಮೈ ಫಾದರ್ ವರ್ ಹಿಯರ್’, ‘ಐ ವಿಶ್ ಐ ಕುಡ್ ಸ್ವಿಮ್.’ ವರ್ ಜಾಗದಲ್ಲಿ ವಾಸ್ ಮಾತಿನಲ್ಲಿ ಎಲ್ಲೆಡೆ ಕೇಳಿಬರುತ್ತದೆ, ತಪ್ಪೇನಿಲ್ಲ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ, ಕಚೇರಿಯ ಬರಹದಲ್ಲಿ ವರ್ ಬರೆಯುವುದು ಕ್ಷೇಮ. ‘ಇಫ್ ಐ ವರ್ ಯು’ ಎಂಬಲ್ಲಿ ಮಾತ್ರ ಮಾತಿನಲ್ಲೂ ವರ್ ಇದ್ದರೇ ಚಂದ.

ಲಕ್ಷಣ: ಹಿಂದೆ ಆಗಿಹೋದದ್ದಕ್ಕೂ ಬರೀ ವಿ2

‘ಐ ವಿಶ್ ಐ ಟುಕ್ ಸೈನ್ಸ್ ಇನ್ 2019.’ ಇಲ್ಲಿ ಒಂದು ಮೆಟ್ಟಿಲು ಸಾಲದಾಗಿದೆ. ನಿಜ ಏನು? ‘ಐ ಡಿಡಂಟ್ ಟೇಕ್ ಸೈನ್ಸ್.’ ಡಿಡಂಟ್ ಆಗಲೇ ವಿ2ರ ಮಟ್ಟದಲ್ಲಿದೆ. ಇಳಿಸಿದರೆ ‘ಐ ವಿಶ್ ಐ ಹ್ಯಾಡ್ ಟೇಕನ್ ಸೈನ್ಸ್.’

ಈ ದೋಷಕ್ಕೆ ಕಾರಣ ನಮ್ಮ ‘ಇದ್ದಿದ್ದರೆ’. ‘ಈಗ ದುಡ್ಡು ಇದ್ದಿದ್ರೆ’ ಎನ್ನುತ್ತೇವೆ, ‘ಆಗ ದುಡ್ಡು ಇದ್ದಿದ್ರೆ’ ಎಂದೂ ಎನ್ನುತ್ತೇವೆ. ಈಗ, ಆಗ ಎಂಬ ಪದವೇ ಕಾಲ ಹೇಳುತ್ತದೆ, ಕ್ರಿಯಾಪದ ಬದಲಾಗುವುದಿಲ್ಲ. ಇಂಗ್ಲಿಷ್ ಹಾಗಲ್ಲ, ಕ್ರಿಯಾಪದದಲ್ಲೇ ಬೇರೆ ಮಾಡುತ್ತದೆ. ಈಗ ಇದ್ದಿದ್ರೆ: ‘ಐ ವಿಶ್ ಐ ಹ್ಯಾಡ್ ಮನಿ.’ ಆಗ ಇದ್ದಿದ್ರೆ: ‘ಐ ವಿಶ್ ಐ ಹ್ಯಾಡ್ ಹ್ಯಾಡ್ ಮನಿ.’

ಹ್ಯಾಡ್ ಎರಡು ಸಲ ಬಂದದ್ದು ಅಚ್ಚಿನ ತಪ್ಪಲ್ಲ. ಮೊದಲನೆಯದು ಸಹಾಯಕ, ಎರಡನೆಯದು ಹ್ಯಾವ್‌ನ ವಿ3. ಕೈತಪ್ಪಿ ಎರಡು ಸಲ ಬಂದಿದೆ ಎಂದುಕೊಂಡು ಒಂದನ್ನು ಅಳಿಸುವವರು ಬಹಳ. ಅಳಿಸಿದರೆ ಹಳಹಳಿಕೆ ಹೋಗಿ ಇವತ್ತಿನ ಆಸೆಯಾಗುತ್ತದೆ. ಕಿವಿಗೆ ಕಷ್ಟವಾದರೆ ಮೊದಲನೆಯದನ್ನು ಚಿಕ್ಕದು ಮಾಡಿ: ‘ಐ ವಿಶ್ ಐಡ್ ಹ್ಯಾಡ್ ಮನಿ.’

ಈ ‘ಐಡ್’ ಇನ್ನೊಂದು ಗೊಂದಲದ ಗೂಡು. ಅದು ಹ್ಯಾಡ್‌ಗೂ ಚಿಕ್ಕ ರೂಪ, ವುಡ್‌ಗೂ ಚಿಕ್ಕ ರೂಪ. ಬಿಡಿಸುವ ಉಪಾಯ: ಅದರ ಮುಂದಿನ ಪದ ನೋಡಿ. ವಿ3 ಇದ್ದರೆ ಹ್ಯಾಡ್ (ಐಡ್ ನೋನ್). ವಿ1 ಇದ್ದರೆ ವುಡ್ (ಐಡ್ ಗೋ). ಮುಂದೆ ಹ್ಯಾವ್ ಮತ್ತು ವಿ3 ಇದ್ದರೂ ವುಡ್ (ಐಡ್ ಹ್ಯಾವ್ ಗಾನ್).

ಇಲ್ಲೇ ಇನ್ನೊಂದು ಸಣ್ಣ ದೋಷ: ಹ್ಯಾಡ್ ಸರಿಯಾಗಿ ಹಾಕಿ, ಮುಂದೆ ವಿ3 ಬದಲು ವಿ2 ಹಾಕುವುದು. ಹ್ಯಾಡ್ ವೆಂಟ್, ಹ್ಯಾಡ್ ಸಾ, ಹ್ಯಾಡ್ ಕೇಮ್, ಹ್ಯಾಡ್ ರೋಟ್. ಸರಿಯಾದವು ಹ್ಯಾಡ್ ಗಾನ್, ಸೀನ್, ಕಮ್, ರಿಟನ್. ಎಲ್ಲ ಪಟ್ಟಿ ಬೇಕಿಲ್ಲ; ಹಳಹಳಿಕೆಯಲ್ಲಿ ಮತ್ತೆ ಮತ್ತೆ ಬರುವ ಹತ್ತು ಹದಿನೈದು ಕ್ರಿಯಾಪದಗಳ ವಿ3 ಬಾಯಿಗೆ ಬಂದರೆ ದಿನ ಬಳಕೆಗೆ ಸಾಕು: ಗಾನ್, ಕಮ್, ಸೀನ್, ಟೇಕನ್, ಗಿವನ್, ರಿಟನ್, ಸ್ಪೋಕನ್, ಈಟನ್, ಟೋಲ್ಡ್, ಬಾಟ್, ಸೋಲ್ಡ್, ನೋನ್, ಡನ್.

ಲಕ್ಷಣ: ‘ಐ ವಿಶ್ ಯು ವಿಲ್ ಗೆಟ್ ದ ಜಾಬ್’

ಇದು ಹಾರೈಕೆಯ ದೋಷ. ‘ನಿನಗೆ ಕೆಲಸ ಸಿಗಲಿ ಎಂದು ಹಾರೈಸುತ್ತೇನೆ.’ ನಿಘಂಟು ತೆರೆದರೆ ಹಾರೈಸು ಎಂಬುದಕ್ಕೆ ವಿಶ್ ಎಂದೇ ಇರುತ್ತದೆ, ಹಾಗಾಗಿ ವಿಶ್ ಹಾಕುತ್ತೇವೆ. ಆದರೆ ವಿಶ್ ಆದಮೇಲೆ ಒಂದು ಪೂರ್ಣ ವಾಕ್ಯ ಬಂತೆಂದರೆ ಅದು ಸದ್ಯಕ್ಕೆ ನಿಜವಲ್ಲದ ಅಥವಾ ಕೈಮೀರಿದ ಸಂಗತಿ. ಕೆಲಸ ಸಿಗಬಹುದು ಎಂಬ ಭರವಸೆ ಇದ್ದರೆ ಹೋಪ್: ‘ಐ ಹೋಪ್ ಯು ಗೆಟ್ ದ ಜಾಬ್.’ ಹೋಪ್ ಆದಮೇಲೆ ಮೆಟ್ಟಿಲು ಇಳಿಯುವ ಕೆಲಸವಿಲ್ಲ. ಮುಂದೆ ಆಗುವುದಕ್ಕೂ ವಿ1 ನಡೆಯುತ್ತದೆ, ವಿಲ್ ಕೂಡ ನಡೆಯುತ್ತದೆ. ಆಗಿಹೋಗಿ ಫಲ ತಿಳಿಯದ್ದಕ್ಕೆ ವಿ2: ‘ಐ ಹೋಪ್ ಯುವರ್ ಎಕ್ಸಾಮ್ ವೆಂಟ್ ವೆಲ್.’

ವಿಶ್ ಆದಮೇಲೆ ವಾಕ್ಯವಲ್ಲದೆ ಒಬ್ಬ ವ್ಯಕ್ತಿ ಮತ್ತು ಒಂದು ವಸ್ತು ಬಂದರೆ ಅದು ಶುದ್ಧ ಹಾರೈಕೆ, ಅಲ್ಲಿ ದುಃಖ ಏನೂ ಇಲ್ಲ. ‘ಐ ವಿಶ್ ಯು ಸಕ್ಸೆಸ್.’ ‘ವೀ ವಿಶ್ ಯು ಎ ಹ್ಯಾಪಿ ಮ್ಯಾರಿಡ್ ಲೈಫ್.’ ನಮ್ಮಲ್ಲಿ ಬಿಟ್ಟುಹೋಗುವುದು ಆ ‘ಎ’. ಬರೀ ‘ಹ್ಯಾಪಿ ಬರ್ತ್‌ಡೇ’ ಎಂದರೆ ‘ಎ’ ಬೇಡ. ಮುಂದೆ ವಿಶ್ ಯು ಸೇರಿಸಿದ ಕೂಡಲೇ ಬೇಕು. ಸಕ್ಸೆಸ್‌ನಂಥ ಎಣಿಸಲಾಗದ ಪದಕ್ಕೆ ‘ಎ’ ಬೇಡ. ‘ಆಲ್ ದ ಬೆಸ್ಟ್’ಗೂ ಬೇಡ, ಅದರಲ್ಲೇ ‘ದ’ ಇದೆ.

ಕನ್ನಡದ ‘-ಲಿ’ಗೆ ಹತ್ತಿರದ ಇಂಗ್ಲಿಷ್ ರೂಪ ಮೇ. ‘ದೇವರು ಒಳ್ಳೆಯದು ಮಾಡಲಿ’, ‘ನೂರು ವರ್ಷ ಬಾಳಲಿ’ ಎಂಬ ಹಿರಿಯರ ಮಾತುಗಳು ಮೇ ಎಂಬುದಕ್ಕೆ ಹೇಳಿ ಮಾಡಿಸಿದಂತಿವೆ. ಅದರ ಮುಂದೆ ಯಾವಾಗಲೂ ಬರಿಯ ವಿ1, ಎಸ್ ಸೇರುವುದಿಲ್ಲ. ಸಾವಿನ ಸುದ್ದಿ ಬಂದಾಗ ವಾಟ್ಸಾಪ್ ಗುಂಪುಗಳಲ್ಲಿ ‘ಮೇ ಹಿಸ್ ಸೋಲ್ ರೆಸ್ಟ್ಸ್ ಇನ್ ಪೀಸ್’ ಎಂದು ಬರುವುದುಂಟು, ‘ರೆಸ್ಟ್’ ಎಂದಿರಬೇಕು. ‘ಗಾಡ್ ಬ್ಲೆಸ್ ಯು’ ಎಂಬುದರಲ್ಲೂ ಮೇ ಅಡಗಿದೆ, ಅದಕ್ಕೇ ಅದು ಬ್ಲೆಸೆಸ್ ಅಲ್ಲ.

ಲಕ್ಷಣ: ವುಡ್ ಬೇಕಾದಲ್ಲಿ ಇಲ್ಲ, ಬೇಡದಲ್ಲಿ ಇದೆ

ಬಸ್ಸಿಗೆ ಕಾದು ಸಾಕಾದವರು ‘ಒಂದು ಬಸ್ಸಾದರೂ ಬರಬಾರದಾ!’ ಎನ್ನುತ್ತಾರೆ. ‘ಮಳೆ ನಿಲ್ಲಬಾರದಾ!’ ರೂಪದಲ್ಲಿ ನಿಷೇಧ, ಪ್ರಶ್ನೆ; ಅರ್ಥದಲ್ಲಿ ಅಪ್ಪಟ ಆಸೆ. ಕನ್ನಡದ ಬಹಳ ಸೊಗಸಾದ ರೂಪ ಇದು. ಅಕ್ಷರಕ್ಕಕ್ಷರ ಇಂಗ್ಲಿಷ್ ಮಾಡಿದರೆ ಏನೂ ಉಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಕೂತಿರುವ ರೂಪ ವಿಶ್ ಮತ್ತು ವುಡ್: ‘ಐ ವಿಶ್ ಎ ಬಸ್ ವುಡ್ ಕಮ್.’ ‘ಐ ವಿಶ್ ದ ರೇನ್ ವುಡ್ ಸ್ಟಾಪ್.’ ನಿಮ್ಮ ಮನಸ್ಸಿನ ವಾಕ್ಯವನ್ನು ‘ಬಾರದಾ’ ಹಾಕಿ ಹೇಳಲು ಬಂದರೆ, ವುಡ್ ಸರಿ ಹೊಂದುವ ಸಂಭವ ಹೆಚ್ಚು.

ಎರಡು ಕಡೆ ಮಾತ್ರ ಅದು ಕೆಡುತ್ತದೆ. ಒಂದು, ಆಸೆಪಡುವವರೂ ಕೆಲಸ ಮಾಡುವವರೂ ಒಬ್ಬರೇ ಆದಾಗ. ‘ಐ ವಿಶ್ ಐ ವುಡ್ ಸ್ಪೀಕ್ ಫ್ಲೂಯೆಂಟ್ಲಿ’ ಕೂಡದು. ‘ಐ ವಿಶ್ ಐ ಕುಡ್.’ ವುಡ್‌ನಲ್ಲಿ ಎದುರಿನವರ ಇಚ್ಛೆಯ ಅಂಶ ಇದೆ, ನಮ್ಮ ಇಚ್ಛೆಗೆ ನಾವೇ ಕಾಯುವುದು ಹೇಗೆ? ಎರಡು, ಮನಸ್ಸು ಮಾಡಿ ಬದಲಿಸಲಾಗದ ಸ್ಥಿತಿ. ‘ಐ ವಿಶ್ ಹಿ ವುಡ್ ಬಿ ಟಾಲರ್’ ಅಲ್ಲ, ‘ವರ್ ಟಾಲರ್’.

ಒಂದು ಎಚ್ಚರಿಕೆ, ಇದು ವ್ಯಾಕರಣದ್ದಲ್ಲ, ಮರ್ಯಾದೆಯದು. ವಿಶ್ ಯು ವುಡ್ ಎಂಬುದರಲ್ಲಿ ಸಿಡುಕು ಇದೆ. ‘ಐ ವಿಶ್ ಯು ವುಡ್ ರಿಪ್ಲೈ ಟು ಮೈ ಮೇಲ್’ ಎಂದು ಮೇಲಧಿಕಾರಿಗೆ ಬರೆದರೆ ‘ಒಂದು ಉತ್ತರ ಕೊಡಬಾರದೇನ್ರೀ’ ಎಂದ ಹಾಗೆ. ವಿನಯವೆಂದುಕೊಂಡು ಇದನ್ನು ಬರೆದು ಪೇಚಿಗೆ ಸಿಕ್ಕುವವರುಂಟು. ಅಲ್ಲಿ ‘ಇಟ್ ವುಡ್ ಬಿ ಗ್ರೇಟ್ ಇಫ್ ಯು ಕುಡ್ ರಿಪ್ಲೈ ಬೈ ಫ್ರೈಡೇ’ ಎನ್ನಿ.

ಹಾಗೆಯೇ ‘ಐ ವಿಶ್ ಐ ಕುಡ್ ಕಮ್’ ಎಂದು ಆಮಂತ್ರಣಕ್ಕೆ ಉತ್ತರಿಸಿದರೆ ಅದು ‘ಬರಲಾಗುವುದಿಲ್ಲ’ ಎಂಬ ನಯವಾದ ನಿರಾಕರಣೆ. ಬರುವ ಪ್ರಯತ್ನ ಮಾಡುತ್ತೇನೆ ಎಂಬ ಅರ್ಥಕ್ಕೆ ‘ಐ ಹೋಪ್ ಐ ಕ್ಯಾನ್ ಕಮ್.’ ಎರಡನ್ನೂ ಅದಲುಬದಲು ಮಾಡಿದರೆ ಊಟದ ಎಲೆಯ ಲೆಕ್ಕವೇ ತಪ್ಪುತ್ತದೆ.

ಲಕ್ಷಣ: ‘ಹೇಳಿದ್ರೆ ಬರ್ತಿದ್ದೆ’ ಎಂಬುದು ‘ಐ ವಾಸ್ ಕಮಿಂಗ್’ ಆಗುವುದು

ಕನ್ನಡದ ‘ಬರುತ್ತಿದ್ದೆ’ ಮೂರು ಕೆಲಸ ಮಾಡುತ್ತದೆ. ‘ನಿನ್ನೆ ಸಂಜೆ ಬರುತ್ತಿದ್ದೆ, ದಾರಿಯಲ್ಲಿ ಸಿಕ್ಕಿದರು’: ವಾಸ್ ಕಮಿಂಗ್. ‘ಚಿಕ್ಕವನಿದ್ದಾಗ ಪ್ರತಿ ವರ್ಷ ಜಾತ್ರೆಗೆ ಬರುತ್ತಿದ್ದೆ’: ಯೂಸ್ಡ್ ಟು ಕಮ್. ‘ನೀನು ಹೇಳಿದ್ದರೆ ಬರುತ್ತಿದ್ದೆ’: ವುಡ್ ಹ್ಯಾವ್ ಕಮ್. ಮೂರನೆಯದಕ್ಕೆ ಮೊದಲನೆಯದರ ಇಂಗ್ಲಿಷ್ ಅಂಟಿಸಿದಾಗಲೇ ‘ಐ ವಾಸ್ ಕಮಿಂಗ್’ ಹುಟ್ಟುತ್ತದೆ.

ಪರೀಕ್ಷೆ ಸುಲಭ: ಕನ್ನಡ ವಾಕ್ಯದಲ್ಲಿ ‘-ದ್ದರೆ’ ಇದೆಯೇ, ಕೊನೆಗೆ ‘ಆದರೆ ಹಾಗಾಗಲಿಲ್ಲ’ ಎಂದು ಸೇರಿಸಲು ಬರುತ್ತದೆಯೇ? ಬಂದರೆ ಇಂಗ್ಲಿಷಿನ ಎರಡು ಭಾಗಕ್ಕೂ ಜಾಗ ಗೊತ್ತುಮಾಡಿದೆ. ‘-ದ್ದರೆ’ ಭಾಗಕ್ಕೆ ಇಫ್, ಹ್ಯಾಡ್, ವಿ3. ‘-ತ್ತಿದ್ದೆ’ ಭಾಗಕ್ಕೆ ವುಡ್, ಹ್ಯಾವ್, ವಿ3. ‘ಇಫ್ ಯು ಹ್ಯಾಡ್ ಟೋಲ್ಡ್ ಮಿ, ಐ ವುಡ್ ಹ್ಯಾವ್ ಕಮ್.’ ‘ಹೇಳಿದ್ರೆ’ ಎಂಬುದನ್ನು ‘ಯು ಟೋಲ್ಡ್ ಮೀನ್ಸ್’ ಮಾಡುವ ಚಾಳಿ ಇದ್ದರೆ ಅದನ್ನು ಬಿಡಿಸಲೇಬೇಕು. ಕನ್ನಡ ಬಾರದವರಿಗೆ ಆ ಮೀನ್ಸ್ ಅರ್ಥವೇ ಆಗುವುದಿಲ್ಲ.

ಇದಕ್ಕೆ ತಿರುವು ದೋಷ, ವುಡ್ ಎರಡೂ ಕಡೆ ಹಾಕುವುದು: ‘ಇಫ್ ಐ ವುಡ್ ಹ್ಯಾವ್ ನೋನ್.’ ಅಮೆರಿಕದ ಆಡುಮಾತಿನಲ್ಲಿ ಇದು ಕೇಳಿಬರುತ್ತದೆ, ಆದರೆ ಬರಹದಲ್ಲೂ ಪರೀಕ್ಷೆಯಲ್ಲೂ ತಪ್ಪೆಂದೇ ಎಣಿಕೆ. ಇಫ್ ಇರುವ ಮನೆಯಲ್ಲಿ ಈ ವುಡ್‌ಗೆ ಜಾಗವಿಲ್ಲ.

ಹಳಹಳಿಕೆ ಹಿಂದಿನದು, ಅದರ ಫಲ ಇವತ್ತಿನದು ಆಗಿದ್ದರೆ ಎರಡನೆಯ ಭಾಗದ ಹ್ಯಾವ್ ತೆಗೆಯಿರಿ. ‘ಆಗ ಓದಿದ್ದರೆ ಈಗ ಒಳ್ಳೆ ಕೆಲಸದಲ್ಲಿ ಇರುತ್ತಿದ್ದೆ’: ‘ಇಫ್ ಐ ಹ್ಯಾಡ್ ಸ್ಟಡೀಡ್ ದೆನ್, ಐ ವುಡ್ ಬಿ ಇನ್ ಎ ಗುಡ್ ಜಾಬ್ ನೌ.’

ಲಕ್ಷಣ: ‘ಬೇಕಿತ್ತು’ಗೆ ಮಸ್ಟ್, ಹ್ಯಾಡ್ ಟು, ಅಥವಾ ಇನ್ನೇನೋ

ಬಿಡಿಸಿ ನೋಡಲು ಹೆಚ್ಚು ಹೊತ್ತು ಹಿಡಿಯುವ ದೋಷ ಇದೇ, ಏಕೆಂದರೆ ದೋಷ ಇಂಗ್ಲಿಷಿನ ಕಡೆ ಇಲ್ಲ. ‘ಹೋಗಬೇಕಿತ್ತು’ ಎಂಬ ಒಂದೇ ಮಾತಿನೊಳಗೆ ಹಲವು ಅರ್ಥಗಳಿವೆ, ಮಾತಾಡುವಾಗ ದನಿಯೇ ಅವನ್ನು ಬೇರೆ ಮಾಡುತ್ತದೆ. ಇಂಗ್ಲಿಷಿಗೆ ದನಿ ಸಾಲದು, ಪದವೇ ಬೇಕು.

ಮೊದಲು ‘ಛೇ’ ಸೇರಿಸಿ ನೋಡಿ. ‘ಛೇ, ನಾನೇ ಹೋಗಬೇಕಿತ್ತು.’ ಹೋಗದ್ದಕ್ಕೆ ತನ್ನನ್ನೇ ಬೈದುಕೊಳ್ಳುವ ಭಾವ ಬಂದರೆ ‘ಐ ಶುಡ್ ಹ್ಯಾವ್ ಗಾನ್.’ ‘ಛೇ’ ಹೊಂದದೆ, ‘ನಿನ್ನೆ ಮೈಸೂರಿಗೆ ಹೋಗಬೇಕಿತ್ತು, ಟಿಕೆಟ್ಟೂ ಆಗಿತ್ತು, ಆದರೆ ಜ್ವರ ಬಂತು’ ಎಂಬಂತೆ ತಪ್ಪಿಹೋದ ಏರ್ಪಾಡು ಆಗಿದ್ದರೆ ‘ಐ ವಾಸ್ ಸಪೋಸ್ಡ್ ಟು ಗೋ.’ ಇಲ್ಲಿ ತಪ್ಪೊಪ್ಪಿಗೆ ಇಲ್ಲ. ‘ನಾಳೆ ಊರಿಗೆ ಹೋಗಬೇಕಿತ್ತು, ಒಂದು ದಿನ ರಜೆ ಕೊಡ್ತೀರಾ ಸರ್’ ಎಂದರೆ ಅದು ಅಂಗಡಿಯ ಸೋನಾ ಮಸೂರಿಯ ಬೇಕಿತ್ತು, ವಿನಯದ್ದು. ಇಂಗ್ಲಿಷಿನಲ್ಲಿ ‘ಐ ನೀಡ್ ಟು ಗೋ.’ ಇನ್ನು ‘ಹೋಗಬೇಕಾಯಿತು’ ಎಂದು ರೂಪವೇ ಬದಲಾದರೆ, ಇಷ್ಟವಿಲ್ಲದೆಯೂ ಹೋಗಿ ಬಂದದ್ದಾಗಿದೆ: ‘ಐ ಹ್ಯಾಡ್ ಟು ಗೋ.’ ಹೋಗದೆ ಉಳಿದವರು ‘ಹ್ಯಾಡ್ ಟು ಗೋ’ ಎಂದರೆ ಕೇಳುವವರು ಹೋಗಿ ಬಂದಿರಿ ಎಂದೇ ತಿಳಿಯುತ್ತಾರೆ.

ಮಸ್ಟ್ ಹ್ಯಾವ್ ಇವುಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಅದು ‘ಹೋಗಿರಬೇಕು’ ಎಂಬ ಊಹೆ. ಬೇಕು ಅಂದರೆ ಮಸ್ಟ್ ಎಂದು ಕಲಿತಿರುವುದರಿಂದ ಬೇಕಿತ್ತು ಎಂದಾಗ ಮಸ್ಟ್ ಹ್ಯಾವ್ ನಾಲಿಗೆಗೆ ಬರುತ್ತದೆ, ಅಷ್ಟೇ.

ಶುಡ್ ಹ್ಯಾವ್ ಬರೆಯುವಾಗಲೂ ಎರಡು ಕಡೆ ಜಾರುತ್ತದೆ. ಮಾತಿನಲ್ಲಿ ಅದು ‘ಶುಡವ್’ ಎಂದು ಕೇಳುವುದರಿಂದ ಹ್ಯಾವ್ ಬದಲು ಆಫ್ ಬರೆಯುವುದು. ಇದನ್ನು ಇಂಗ್ಲಿಷ್ ಮನೆಮಾತಿನವರೂ ಮಾಡುತ್ತಾರೆ. ಇನ್ನೊಂದು, ಭೂತಕಾಲ ತಾನೇ ಎಂದು ‘ಶುಡ್ ಹ್ಯಾಡ್ ಗಾನ್’ ಮಾಡುವುದು. ಶುಡ್, ಕುಡ್, ವುಡ್ ಇವುಗಳ ಪಕ್ಕದಲ್ಲಿ ಹ್ಯಾವ್ ಎಂದೂ ಹ್ಯಾಡ್ ಆಗುವುದಿಲ್ಲ, ಅವನೇ ಆಗಲಿ ಅವಳೇ ಆಗಲಿ ಹ್ಯಾಸ್ ಕೂಡ ಆಗುವುದಿಲ್ಲ.

ನಿಷೇಧಕ್ಕೆ ಬಂದರೆ ಕನ್ನಡ ಇನ್ನೂ ನಾಜೂಕು. ‘ಹೇಳಬಾರದಿತ್ತು’: ಹೇಳಿದ್ದೇ ತಪ್ಪು, ‘ಯು ಶುಡಂಟ್ ಹ್ಯಾವ್ ಟೋಲ್ಡ್.’ ಕೊನೆಗೆ ಒಂದು ದೀರ್ಘ ಸೇರಿ ‘ಹೇಳಬಾರದಿತ್ತಾ?’ ಆದರೆ ಅರ್ಥ ಪೂರ್ತಿ ತಲೆಕೆಳಗು: ಹೇಳದೆ ಇದ್ದದ್ದು ತಪ್ಪು, ‘ಯು ಕುಡ್ ಹ್ಯಾವ್ ಟೋಲ್ಡ್ ಮಿ!’ ಒಂದೇ ಒಂದು ಸ್ವರ ನೋಡಿ. ‘ಹೇಳಬಹುದಿತ್ತು’ ಕೂಡ ಇದೇ ಕುಡ್ ಹ್ಯಾವ್. ‘ಹೇಳಬೇಕಾಗಿರಲಿಲ್ಲ’ ಎಂದರೆ, ಹೇಳಿದ್ದರಿಂದ ನಷ್ಟವಿಲ್ಲ, ಅಗತ್ಯವೂ ಇರಲಿಲ್ಲ ಎಂದು: ‘ಯು ನೀಡಂಟ್ ಹ್ಯಾವ್ ಟೋಲ್ಡ್.’ ಅಗತ್ಯ ಇರಲಿಲ್ಲ, ಹಾಗಾಗಿ ಹೇಳಲೂ ಇಲ್ಲ ಎಂದಾದರೆ ‘ಐ ಡಿಡಂಟ್ ನೀಡ್ ಟು ಟೆಲ್.’

‘ಅಯ್ಯೋ, ಹೇಳಿಬಿಟ್ಟೆ’ ಎಂಬ ‘ಬಿಟ್ಟೆ’ಯಲ್ಲಿರುವ ಪಶ್ಚಾತ್ತಾಪಕ್ಕೆ ಇಂಗ್ಲಿಷಿನಲ್ಲಿ ನೇರ ಸಹಾಯಕ ಕ್ರಿಯಾಪದ ಇಲ್ಲ. ‘ಐ ಎಂಡೆಡ್ ಅಪ್ ಟೆಲ್ಲಿಂಗ್ ಹರ್’ ಎಂಬುದು ಹತ್ತಿರ ಬರುತ್ತದೆ. ಪಶ್ಚಾತ್ತಾಪವೇ ಮುಖ್ಯವಾದರೆ ‘ಐ ಶುಡಂಟ್ ಹ್ಯಾವ್ ಟೋಲ್ಡ್ ಹರ್’ ಎಂದು ಇನ್ನೊಂದು ವಾಕ್ಯ ಸೇರಿಸಬೇಕು.

ಲಕ್ಷಣ: ರಿಗ್ರೆಟ್ ಮುಂದೆ ಏನಿಡುವುದು ತಿಳಿಯದೆ ಇರುವುದು

‘ತಡವಾದದ್ದಕ್ಕೆ ವಿಷಾದಿಸುತ್ತೇವೆ’ ಎಂಬಲ್ಲಿರುವ ‘ಕ್ಕೆ’ಯೇ ‘ರಿಗ್ರೆಟ್ ಫಾರ್’ ಆಗಿ ನುಸುಳುವುದು. ರಿಗ್ರೆಟ್‌ಗೆ ಫಾರ್ ಬೇಡ: ‘ವೀ ರಿಗ್ರೆಟ್ ದ ಡಿಲೇ.’ ರೈಲು ನಿಲ್ದಾಣದಲ್ಲಿ ಕೇಳಿರುವ ‘ದ ಇನ್‌ಕನ್ವೀನಿಯನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್’ ಎಂಬ ಘೋಷಣೆಯನ್ನು ನೆನಪಿಗೆ ತಂದುಕೊಳ್ಳಿ, ಅದರಲ್ಲಿ ಎಲ್ಲೂ ಫಾರ್ ಇಲ್ಲ. ಫಾರ್ ಬೇಕಾಗಿರುವುದು ‘ಸಾರಿ’ ಎಂಬುದಕ್ಕೆ, ‘ಅಪಾಲಜೈಸ್’ ಎಂಬುದಕ್ಕೆ: ‘ವೀ ಅಪಾಲಜೈಸ್ ಫಾರ್ ದ ಡಿಲೇ.’

ಮುಂದೆ ಕ್ರಿಯಾಪದ ಬಂದರೆ ಎರಡು ದಾರಿ, ಎರಡಕ್ಕೂ ಅರ್ಥ ಬೇರೆ. ಮಾಡಿದ ಕೆಲಸಕ್ಕೆ ಹಳಹಳಿಕೆಯಾದರೆ ಇಂಗ್ ರೂಪ: ‘ಐ ರಿಗ್ರೆಟ್ ಸೇಯಿಂಗ್ ದಟ್.’ ಕೆಟ್ಟ ಸುದ್ದಿಯನ್ನು ಈಗ ತಿಳಿಸುವ ಔಪಚಾರಿಕ ಮಾತಾದರೆ ಟು: ‘ವೀ ರಿಗ್ರೆಟ್ ಟು ಇನ್‌ಫಾರ್ಮ್ ಯು.’ ಟು ರೂಪ ಸೇ, ಟೆಲ್, ಇನ್‌ಫಾರ್ಮ್, ಅನೌನ್ಸ್ ಇಂಥ ತಿಳಿಸುವ ಕ್ರಿಯಾಪದಗಳ ಜೊತೆ ಮಾತ್ರ ಬಾಳುತ್ತದೆ. ‘ಐ ರಿಗ್ರೆಟ್ ಟು ಸೆಲ್ ದ ಹೌಸ್’ ಎಂದರೆ ಮಾರಿದ ಪಶ್ಚಾತ್ತಾಪ ಬರುವುದಿಲ್ಲ, ‘ಸೆಲ್ಲಿಂಗ್’ ಬೇಕು.

ನಾಟ್ ಎಲ್ಲಿಡುತ್ತೀರಿ ಎಂಬುದನ್ನೂ ನೋಡಿ. ‘ಐ ರಿಗ್ರೆಟ್ ನಾಟ್ ಲರ್ನಿಂಗ್ ಮ್ಯೂಸಿಕ್’ ಎಂದರೆ ಸಂಗೀತ ಕಲಿಯದ ದುಃಖ. ‘ಐ ಡೋಂಟ್ ರಿಗ್ರೆಟ್ ಲರ್ನಿಂಗ್ ಮ್ಯೂಸಿಕ್’ ಎಂದರೆ ಕಲಿತದ್ದಕ್ಕೆ ಬೇಸರವೇ ಇಲ್ಲ.

‘ಫೀಲ್ ಮಾಡ್ಕೋಬೇಡ’ ಎಂಬ ನಮ್ಮ ಬಳಕೆಯನ್ನು ‘ಡೋಂಟ್ ಫೀಲ್’ ಮಾಡಿದರೆ ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ‘ಡೋಂಟ್ ಫೀಲ್ ಬ್ಯಾಡ್’ ಎಂದು ಮುಗಿಸಿ.

ಸಣ್ಣಪುಟ್ಟವು

‘ಇಫ್ ಓನ್ಲಿ’ ಮತ್ತು ‘ಓನ್ಲಿ ಇಫ್’ ಬೇರೆ ಬೇರೆ. ಮೊದಲನೆಯದು ವಿಶ್‌ನ ಅಕ್ಕ, ಇನ್ನೂ ತೀವ್ರ. ಮೆಟ್ಟಿಲಿನ ಲೆಕ್ಕ ಅದೇ: ‘ಇಫ್ ಓನ್ಲಿ ಐ ಹ್ಯಾಡ್ ಲಿಸನ್ಡ್!’ ಎರಡನೆಯದು ಷರತ್ತು: ‘ಬಂದರೆ ಮಾತ್ರ’.

‘ಹೊರಡುವ ಹೊತ್ತಾಯಿತು’ ಎಂಬುದಕ್ಕೆ ‘ಇಟ್ಸ್ ಟೈಮ್ ವೀ ಲೆಫ್ಟ್’; ಲೀವ್ ಅಲ್ಲ. ‘ನೀವು ನಾಳೆ ಬಂದರೆ ಒಳ್ಳೆಯದಿತ್ತು’ ಎಂಬುದಕ್ಕೆ ‘ಐಡ್ ರಾದರ್ ಯು ಕೇಮ್ ಟುಮಾರೊ.’ ನಾಳೆಗೆ ಕೇಮ್ ಎಂದು ಬೆಚ್ಚಬೇಡಿ, ‘ಒಳ್ಳೆಯದಿತ್ತು’ ಎಂಬುದರಲ್ಲಿರುವ ‘ಇತ್ತು’ವೇ ಅದು.

ವಿಶ್ ತಾನೇ ಭೂತಕಾಲಕ್ಕೆ ಹೋಗಿ ವಿಶ್ಡ್ ಆದರೆ ಒಳಗಿನ ಕ್ರಿಯಾಪದವನ್ನು ಇನ್ನೂ ಕೆಳಗಿಳಿಸಬೇಡಿ. ‘ಅವಳಿಗೆ ಆಗ ಮನೆಯಲ್ಲೇ ಇರಬಾರದಾಗಿತ್ತೇ ಅನ್ನಿಸಿತು’: ‘ಶಿ ವಿಶ್ಡ್ ಶಿ ವರ್ ಅಟ್ ಹೋಮ್.’

ಒಂದು ಸಂದೇಶದ ಪೂರ್ತಿ ರಿಪೇರಿ

ಗೆಳೆಯರ ಮದುವೆಗೆ ಹೋಗಲಾಗದವರು ಕಳಿಸುವ ಸಂದೇಶ ಹೀಗಿದೆ ಎನ್ನಿ: ‘ಸಾರಿ ಫಾರ್ ನಾಟ್ ಅಟೆಂಡ್ ಯುವರ್ ಮ್ಯಾರೇಜ್. ಐ ಹ್ಯಾಡ್ ಟು ಕಮ್, ಬಟ್ ಐ ಗಾಟ್ ಫೀವರ್. ಇಫ್ ಫೀವರ್ ವಾಸ್ ನಾಟ್ ದೇರ್, ಐ ವಾಸ್ ಸರ್ಟನ್ಲಿ ಕಮಿಂಗ್. ಐ ವಿಶ್ ಐ ವಿಲ್ ಮೀಟ್ ಯು ಬೋತ್ ಸೂನ್. ವಿಶ್ ಯು ಹ್ಯಾಪಿ ಮ್ಯಾರಿಡ್ ಲೈಫ್.’

ಫಾರ್ ನಾಟ್ ಆದಮೇಲೆ ಇಂಗ್ ರೂಪ ಬೇಕು, ಅಟೆಂಡಿಂಗ್. ಸಮಾರಂಭಕ್ಕೆ ವೆಡ್ಡಿಂಗ್ ಎನ್ನಿ. ಮ್ಯಾರೇಜ್ ಎಂದರೆ ಹೆಚ್ಚಾಗಿ ಮುಂದಿನ ದಾಂಪತ್ಯ. ‘ಹ್ಯಾಡ್ ಟು ಕಮ್’ ಎಂದರೆ ಬಂದಂತಾಯಿತು. ಇದು ತಪ್ಪಿಹೋದ ಏರ್ಪಾಡು, ‘ವಾಸ್ ಸಪೋಸ್ಡ್ ಟು’ ಆಗಬಹುದು. ಆದರೆ ಅದರಲ್ಲಿ ಯಾರೋ ಹೇರಿದ ಕರ್ತವ್ಯದ ವಾಸನೆ ಇದೆ. ಗೆಳೆತನದ ಮಾತಿಗೆ ‘ವಾಸ್ ಆಲ್ ಸೆಟ್ ಟು ಕಮ್’ ಹೆಚ್ಚು ಬೆಚ್ಚಗೆ. ಮೂರನೆಯ ವಾಕ್ಯ ‘ಬರ್ತಿದ್ದೆ’ ದೋಷ, ಎರಡೂ ಭಾಗ ಬದಲಾಗಬೇಕು, ಹ್ಯಾಡ್ ಜೋಡಿಯೂ ಬರುತ್ತದೆ. ನಾಲ್ಕನೆಯದು ಭರವಸೆ, ಹೋಪ್. ಕೊನೆಯದರಲ್ಲಿ ‘ಎ’ ಇಲ್ಲ.

ಜೋಡಿಸಿದ ಮೇಲೆ: ‘ಐ ಆಮ್ ಸೋ ಸಾರಿ ಫಾರ್ ನಾಟ್ ಅಟೆಂಡಿಂಗ್ ಯುವರ್ ವೆಡ್ಡಿಂಗ್. ಐ ವಾಸ್ ಆಲ್ ಸೆಟ್ ಟು ಕಮ್, ಬಟ್ ಐ ಗಾಟ್ ಎ ಫೀವರ್. ಇಫ್ ಐ ಹ್ಯಾಡಂಟ್ ಹ್ಯಾಡ್ ಎ ಫೀವರ್, ಐ ವುಡ್ ಸರ್ಟನ್ಲಿ ಹ್ಯಾವ್ ಕಮ್. ಐ ಹೋಪ್ ಟು ಮೀಟ್ ಯು ಬೋತ್ ಸೂನ್. ವಿಶಿಂಗ್ ಯು ಎ ಹ್ಯಾಪಿ ಮ್ಯಾರಿಡ್ ಲೈಫ್.’